ಎಂಜಿನ್ ಇಳಿಸಬ್ಯಾಡ್ರಿ

ಶಂಶಾಬಾದಿನ ಹಳೆಯ ಹೆದ್ದಾರಿಯ ಪಕ್ಕದಲ್ಲಿ ತಗಡಿನ ಮಾಡಿನ ಒಂದು ಡೀಸೆಲ್ ಗ್ಯಾರೇಜ್ ಇದೆ. ವಿಮಾನ ತಲೆಯ ಮೇಲೆ ಇಳಿಯುವಾಗ ತಗಡು ನಡುಗುತ್ತದೆ, ಆಗ ಯಾರೂ ಮಾತಾಡುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಮೂವರು: ಮಾಲೀಕ ಸಂಗಣ್ಣ, ಅವನ ತಮ್ಮ ಹುಲಗೇಶ, ಹುಲಗೇಶನ ಹೆಂಡತಿ ಶಿವದೇವಿ. ಹೋದ ವರ್ಷದವರೆಗೆ ಈ ಮೂವರು ಒಂದೇ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಾಗ ನಡೆಯುತ್ತಿದ್ದ ಸಂಭಾಷಣೆಯನ್ನು ಹೊಸ ಗಿರಾಕಿಗಳು ಬಾಯಿ ತೆರೆದು ನೋಡುತ್ತಿದ್ದರು.

"ಅವರಿಗೆ ಹೇಳ್ರಿ, ಇಂಜೆಕ್ಟರ್ ಬುಡಕ ವಾಷರ್ ಸೋರಾಕತ್ತೇತಿ" ಎಂದು ಶಿವದೇವಿ ಗಂಡನಿಗೆ ಹೇಳುವಳು. ಅವರು ಎಂದರೆ ಮೊಳ ದೂರದಲ್ಲಿ, ಡೀಸೆಲ್ ಚಿಮ್ಮಿಸುವ ಅದೇ ಇಂಜೆಕ್ಟರನ್ನು ನೋಡುತ್ತ ನಿಂತ ಸಂಗಣ್ಣ.

"ಅಣ್ಣಾ, ವಾಷರ್ ಸೋರಾಕತ್ತೇತಂತ" ಎಂದು ಹುಲಗೇಶ ಈ ಕಡೆ ತಿರುಗಿ ಹೇಳುವನು.

"ಬಿಚ್ಚಿ ನೋಡಂತ ಹೇಳು" ಎಂದು ಸಂಗಣ್ಣ ಬ್ಯಾಟರಿಗೆ ಹೇಳಿದಂತೆ ಹೇಳುವನು. ಹುಲಗೇಶ ಮತ್ತೆ ಆ ಕಡೆ ತಿರುಗುವನು.

ನಗಬೇಡಿ. ಅವರದು ಲಿಂಗಸುಗೂರು ಕಡೆಯ ಮನೆತನ. ಆ ಮನೆಯಲ್ಲಿ ಗಂಡನ ಅಣ್ಣನ ಎದುರು ಸೊಸೆ ತಲೆಯ ಮೇಲೆ ಸೆರಗಿಲ್ಲದೆ ನಿಲ್ಲುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಅಡುಗೆಮನೆ, ಪಡಸಾಲೆ ಬೇರೆ ಬೇರೆ ಇದ್ದ ಮನೆಗೆ ಅದು ಹೇಗೋ ಹೊಂದಿಕೊಂಡಿತ್ತು. ಹೈದರಾಬಾದಿಗೆ ಬಂದು, ಒಂದೇ ಎಂಜಿನ್ನಿಗೆ ಮೂವರೂ ಕೈ ಹಾಕುವ ಕಾಲ ಬಂದರೂ ಆ ಪದ್ಧತಿ ಟ್ರಂಕಿನ ಜೊತೆ ಬಸ್ಸು ಹತ್ತಿ ಬಂದಿತ್ತು. ಶಿವದೇವಿ ತೆಲುಗಿನಲ್ಲಿ ಟ್ಯಾಕ್ಸಿ ಡ್ರೈವರುಗಳನ್ನು ಬೈಯುತ್ತಿದ್ದಳು, ಹಿಂದಿಯಲ್ಲಿ ಬಿಡಿಭಾಗದ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಭಾವನ ಮುಂದೆ ಮಾತ್ರ ಇಪ್ಪತ್ತು ವರ್ಷ ಬಾಯಿಗೆ ಬೀಗ.

ಆಕೆಗೆ ಎಂಜಿನ್ನಿನ ಹುಚ್ಚು ಹಿಡಿಸಿದವರು ಗಂಡನೂ ಅಲ್ಲ, ಭಾವನೂ ಅಲ್ಲ. ಅವಳ ಅಪ್ಪ ಮುದಗಲ್ಲಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಗೆ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಮನೆಯ ಜಗುಲಿಯ ಮೇಲೆ ಕೂತು ಅಂಕಲಿಪಿ ತಿದ್ದುವ ವಯಸ್ಸಿನಲ್ಲೇ ಅವಳು ಆ ಸದ್ದಿನಲ್ಲಿ ಒಂದು ಏಟು ತಪ್ಪಿದರೆ ತಲೆಯೆತ್ತುತ್ತಿದ್ದಳು, ಓಡಿಹೋಗಿ "ಅಪ್ಪಾ, ಡೀಸೆಲ್‌ನಾಗ ನೀರು ಬಂದೈತಿ" ಎನ್ನುತ್ತಿದ್ದಳು. ಅಪ್ಪ ಒಮ್ಮೆಯೂ "ನಿನಗೇನು ಗೊತ್ತು" ಎನ್ನಲಿಲ್ಲ. ಬಿಚ್ಚಿ ನೋಡುತ್ತಿದ್ದ, ನೀರು ಇರುತ್ತಿತ್ತು.

ಮದುವೆಯಾಗಿ ಶಂಶಾಬಾದಿಗೆ ಬಂದ ಮೇಲೆ ಮೊದಲ ಕೆಲವು ವರ್ಷ ಅವಳು ಗ್ಯಾರೇಜಿಗೆ ಬುತ್ತಿ ತರುವ ಹೆಂಗಸು ಅಷ್ಟೇ. ಆಗಲೇ ಪೇಟೆಗೆ ಆ ಸಣ್ಣ ಡೀಸೆಲ್ ಎಂಜಿನ್ ಬಂತು. ಹನ್ನೆರಡುನೂರ ನಲವತ್ತೆಂಟು ಸಿಸಿ. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಎಪ್ಪತ್ತೈದು ಕುದುರೆಗಳ ಬಲ. ಬೆಲ್ಟಿನ ಬದಲು ಚೈನು, ಹೊಟ್ಟೆಗೆ ಮೂರು ಲೀಟರಿನ ಮೇಲೆ ಚೂರು ಎಣ್ಣೆ. ಊರಿನ ಅರ್ಧ ಟ್ಯಾಕ್ಸಿಗಳ ಬಾನೆಟ್ಟಿನ ಕೆಳಗೆ ಅದೇ ಕೂತಿತು. ಲಾರಿ ಎಂಜಿನ್ನಿನ ಮೇಲೆ ಕೈ ಪಳಗಿಸಿದ ಸಂಗಣ್ಣನಂಥವರಿಗೆ ಅದು ಬಂದದ್ದೇ ತಲೆನೋವಾಯಿತು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟನ್ನೂ ತುರುಕಿದ್ದರು, ಬೆರಳು ಹೋಗುವ ಕಡೆ ಮುಷ್ಟಿ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೋಲ್ಟೊಂದು ಎಂಜಿನ್ನಿನ ಹಿಂದಿನ ಸಂದಿಗೆ ಬಿತ್ತು. ಅಣ್ಣತಮ್ಮ ಇಬ್ಬರೂ ಒಂದು ತಾಸು ಮೊಳಕೈ ತರಚಿಕೊಂಡರು. ಶಿವದೇವಿ ಬುತ್ತಿ ಕೆಳಗಿಟ್ಟು, ಬಳೆ ಮೇಲೇರಿಸಿ, ಕೈ ತೂರಿಸಿ ಬೋಲ್ಟನ್ನು ತೆಗೆದು ಗಂಡನ ಅಂಗೈ ಮೇಲಿಟ್ಟಳು. ಬಳೆಗಾರರು ಇವತ್ತಿಗೂ ಆಕೆಗೆ ಹತ್ತು ವರ್ಷದ ಹುಡುಗಿಯರ ಅಳತೆಯ ಬಳೆಯನ್ನೇ ತೊಡಿಸುತ್ತಾರೆ. ಮರುದಿನದಿಂದ ಹುಲಗೇಶನ ಹಳೆಯ ಖಾಕಿ ಅಂಗಿ ಅವಳ ಸೀರೆಯ ಮೇಲೆ ಬಂತು.

ಹೀಗೆ ಕೈ ಒಳಗೆ ಹೋಯಿತು. ಕೈಯ ಹಿಂದೆ ಕಿವಿ ಹೋಯಿತು, ಕಿವಿಯ ಹಿಂದೆ ಬುದ್ಧಿ. ಆ ಎಂಜಿನ್ನಿನ ರೋಗಗಳು ಒಂದೊಂದಾಗಿ ಆಕೆಯ ಪರಿಚಯಕ್ಕೆ ಬಂದವು. ಬೆಳಿಗ್ಗೆ ಮೊದಲ ಸಲ ಶುರು ಮಾಡಿದಾಗ ಎರಡು ಕ್ಷಣ ಕಟಕಟ ಎಂದು ಸುಮ್ಮನಾದರೆ ಹಳೆಯ ಎಣ್ಣೆ, ಚೈನನ್ನು ಬಿಗಿ ಹಿಡಿಯುವ ಟೆನ್ಷನರಿಗೆ ತಡವಾಗಿ ಏರುತ್ತಿದೆ ಎಂದರ್ಥ. ಇಂಜೆಕ್ಟರ್ ಬುಡದಲ್ಲಿ ಟಾರಿನಂಥ ಕರಿ ಕಟ್ಟಿದ್ದರೆ ವಾಷರ್ ಹೋಗಿದೆ. ಹೊಗೆಯ ಒಂದು ಪಾಲನ್ನು ತಿರುಗಿ ಎಂಜಿನ್ನಿಗೇ ಉಣಿಸುವ ಇಜಿಆರ್ ಎಂಬ ವಾಲ್ವ್, ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ ಎಸಿ ಹಾಕಿಕೊಂಡು ತಾಸುಗಟ್ಟಲೆ ನಿಂತ ಗಾಡಿಗಳಲ್ಲಿ ಮಸಿ ಕಟ್ಟಿ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಓಡಿಸಿ ಬಂದು ತಟ್ಟನೆ ಆರಿಸುವವರ ಗಾಡಿಯಲ್ಲಿ ಟರ್ಬೋ ಎಣ್ಣೆಯಿಲ್ಲದೆ ಸುಡುತ್ತದೆ. ಇವೆಲ್ಲ ಪುಸ್ತಕದಲ್ಲಿ ಇರಬಹುದು. ಶಿವದೇವಿ ಕಲಿತದ್ದು ಮಸಿ ತೊಳೆಯುತ್ತ.

ಹಾಗೆ ಕಲಿತದ್ದೆಲ್ಲ ಹುಲಗೇಶನ ಬಾಯಿಂದ ಹೊರಗೆ ಬರುತ್ತಿತ್ತು. ಗಿರಾಕಿಗಳು "ಹುಲಗೇಶಣ್ಣ ಕೈ ಮುಟ್ಟಿದರೆ ಸಾಕು" ಎನ್ನುತ್ತಿದ್ದರು. ಅವನು ಒಳ್ಳೆಯವನು, ನಾಚಿಕೊಳ್ಳುತ್ತಿದ್ದ. ಆದರೆ ಅಲ್ಲಗಳೆಯುತ್ತಿರಲಿಲ್ಲ.

ಹೋದ ವರ್ಷದ ಫೆಬ್ರುವರಿಯಲ್ಲಿ ಕೃಪಾಳ ಗಾಡಿ ಬಂತು. ಕೃಪಾ ಕಲಬುರಗಿ ಕಡೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸರನ್ನು ಮನೆಯಿಂದ ಕರೆತಂದು ಬಿಡುವುದು ಅವಳ ಕೆಲಸ. ಆ ಕೆಲಸಕ್ಕೆ ಗಾಡಿಗಳನ್ನು ಒದಗಿಸುವ ಗುತ್ತಿಗೆದಾರರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ. ತುಂಬಿದ ಗಾಡಿ, ಎಸಿ ಹಾಕಿ, ಮೇಲ್ಸೇತುವೆಯ ಏರನ್ನು ಐವತ್ತರ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು. ಹಿಂದೆ ಕರಿಹೊಗೆ ಕಾಣಬಾರದು. ಹತ್ತದ ಗಾಡಿಯ ಹೆಸರು ಪಟ್ಟಿಯಿಂದ ಹೋಗುತ್ತದೆ, ಆ ಜಾಗಕ್ಕೆ ಬೇರೆಯವರು ಕಾದು ನಿಂತಿರುತ್ತಾರೆ. ಕೃಪಾಳ ಪರೀಕ್ಷೆ ಸೋಮವಾರ ಇತ್ತು. ಗಾಡಿ ಏರು ಕಂಡ ಕೂಡಲೇ ಏದುಸಿರು ಬಿಡುತ್ತಿತ್ತು.

ಅದಕ್ಕೆ ಮುಂಚಿನ ಮಂಗಳವಾರವೇ ಶಿವದೇವಿ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದ್ದಳು. ಟರ್ಬೋ ಎಂದರೆ ಬೇರೇನಲ್ಲ, ಹೊರಗೆ ಹೋಗುವ ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಚಕ್ರ. ಅದು ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುತ್ತದೆ. ಈ ಎಂಜಿನ್ ಎರಡು ಸಾವಿರ ಸುತ್ತಿನ ಕೆಳಗೆ ತೂಕಡಿಸುತ್ತಿರುತ್ತದೆ, ಅದನ್ನು ದಾಟಿದ ಮೇಲೆ ಟರ್ಬೋ ಎಚ್ಚೆತ್ತು ಗಾಡಿಯನ್ನು ಎಳೆದುಕೊಂಡು ಹೋಗುತ್ತದೆ. ಕೃಪಾಳ ಗಾಡಿಯಲ್ಲಿ ಎರಡು ಸಾವಿರ ದಾಟಿದ ಮೇಲೆ ಎಳೆತದ ಬದಲು ಸಣ್ಣಗೆ ಸುಸ್ಸ್ ಎನ್ನುವ ಸದ್ದು ಬರುತ್ತಿತ್ತು, ಹಿಂದೆ ಹೊಗೆ ಏಳುತ್ತಿತ್ತು. ಟರ್ಬೋ ತಿರುಗುತ್ತಿದೆ, ಆದರೆ ಒತ್ತಿದ ಗಾಳಿ ದಾರಿಯಲ್ಲೇ ಎಲ್ಲೋ ಸೋರಿ ಹೋಗುತ್ತಿದೆ ಎಂದು ಆಕೆಗೆ ಅನ್ನಿಸಿತು. ಅಂದು ಊಟಕ್ಕೆ ಕೂತಾಗ ಗಂಡನಿಗೆ, "ಅವರಿಗೆ ಹೇಳ್ರಿ, ಟರ್ಬೋ ಬಿಚ್ಚೂದು ಬ್ಯಾಡ. ಮೊದಲ ಗಾಳಿ ಪೈಪ್ ನೋಡೋಣು" ಎಂದಳು. ಹುಲಗೇಶ ರೊಟ್ಟಿ ಮುರಿಯುತ್ತ ಹೂಂ ಅಂದ.

ಬುಧವಾರ ಹೊಸ ಟರ್ಬೋ ಬಂತು. ಶಿವದೇವಿ ಆಶ್ಚರ್ಯಪಟ್ಟಳು. ಭಾವನವರಿಗೆ ಬೇರೆ ಏನೋ ಕಂಡಿರಬೇಕು ಎಂದುಕೊಂಡು ಸುಮ್ಮನಾದಳು.

ಶನಿವಾರ ಬೆಳಿಗ್ಗೆ ಕೃಪಾ ಮತ್ತೆ ಬಂದಳು. ಗಾಡಿಯಿಂದ ಇಳಿಯುವ ಮೊದಲೇ ಅವಳ ಮುಖದಿಂದಲೇ ವಿಷಯ ತಿಳಿಯುತ್ತಿತ್ತು.

"ಕಾಕಾ, ಹೊಸಾ ಟರ್ಬೋ ಹಾಕಿದ್ರೂ ಏರು ಹತ್ತವಲ್ದು. ಮೊದಲ ಹೆಂಗಿತ್ತೋ ಹಂಗ ಐತಿ. ಸೋಮವಾರ ನಾ ಏನ್ ಮಾಡ್ಲಿ?"

ಎಂಜಿನ್ ಪೂರ್ತಿ ಆರುವವರೆಗೆ ಕಾದು ಸಂಗಣ್ಣ ಅದನ್ನು ಶುರು ಮಾಡಿಸಿ ಕಿವಿಗೊಟ್ಟ. ತಣ್ಣಗಿದ್ದ ಎಂಜಿನ್ ಎರಡು ಕ್ಷಣ ಕಟಕಟ ಎಂದಿತು. ಅವನು ತಲೆಯಾಡಿಸಿದ. ಕೆಟ್ಟ ಮನುಷ್ಯನಲ್ಲ ಅವನು. ನಲವತ್ತು ವರ್ಷ ಲಾರಿ ಎಂಜಿನ್ನುಗಳನ್ನು ಎಬ್ಬಿಸಿ ಕೂರಿಸಿದವನು, ದುಡಿಮೆಯಲ್ಲಿ ಕಳ್ಳತನ ಗೊತ್ತಿಲ್ಲದವನು. ಆದರೆ ಒಂದು ಸಲ ತೀರ್ಮಾನ ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಟರ್ಬೋ ಎಂದಿದ್ದ. ಟರ್ಬೋ ಅಲ್ಲ ಎಂದಾದರೆ ಅದಕ್ಕಿಂತ ದೊಡ್ಡದೇ ಇರಬೇಕು.

"ಎಂಜಿನ್ನಿನ ಎದಿನ ಹೋಗೇತವಾ. ಚೈನು ಸಡಲೈತಿ, ಪಿಸ್ಟನ್ ದಮ್ಮು ಕಳಕೊಂಡೈತಿ. ಇಳಿಸಿ ಬ್ಯಾರೆ ಎಂಜಿನ್ ಕೂಡ್ರಸಬೇಕು. ಎಂಟು ದಿನ ಹಿಡೀತೈತಿ."

"ಎಂಟು ದಿನಾ?" ಎಂದಳು ಕೃಪಾ. ಬೆಂಚಿನ ಮೇಲೆ ಕೂತುಕೊಂಡು ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸತೊಡಗಿದಳು.

ಸಂಗಣ್ಣ ಎಂಜಿನ್ ಎತ್ತುವ ಸರಪಳಿ ರಾಟೆಯನ್ನು ಎಳೆದು ತರಲು ಹೋದ. ಶಿವದೇವಿ ಗಂಡನ ಹತ್ತಿರ ಬಂದಳು.

"ಮಂಗಳವಾರ ನಾ ಅಂದಿದ್ನೆಲ್ಲ, ಪೈಪ್ ನೋಡೋಣು ಅಂತ. ಅದಕ್ಕ ಅವರೇನಂದ್ರು?"

ಹುಲಗೇಶ ಕೈಯಲ್ಲಿದ್ದ, ಬೋಲ್ಟ್ ತಿರುಗಿಸುವ ಪಾನೆಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೇಳಿದ್ರಿಲ್ಲೊ?"

"ಅಣ್ಣ ಅಷ್ಟರಾಗ ಟರ್ಬೋಕ್ಕ ಫೋನ್ ಮಾಡಿಬಿಟ್ಟಿದ್ದ" ಎಂದ ಅವನು ನೆಲ ನೋಡುತ್ತ. "ಅಲ್ಲ ಅಂತ ಹೆಂಗ ಹೇಳ್ಲಿ? ನಂಗ ಬಾಯಿ ಬರಲಿಲ್ಲ."

ಶಿವದೇವಿಗೆ ಸಿಟ್ಟು ಬಂತು. ಗಂಡನ ಮೇಲೆ ಬಂದದ್ದು ಅರ್ಧ, ತನ್ನ ಮೇಲೆ ಬಂದದ್ದು ಇನ್ನರ್ಧ. ಗಟ್ಟಿಮುಟ್ಟಾದ ಎಂಜಿನ್ ಒಂದು ಈಗ ರಾಟೆಗೆ ನೇತುಬೀಳಲಿದೆ. ದುಡಿದು ತಿನ್ನುವ ಹೆಣ್ಣುಮಗಳೊಬ್ಬಳ ಹೆಸರು ಸೋಮವಾರ ಪಟ್ಟಿಯಿಂದ ಹೋಗಲಿದೆ. ಯಾಕೆ? ತಾನು ಹೇಳಬೇಕಾದ್ದನ್ನು ತಾನೇ ಹೇಳಲಿಲ್ಲವಲ್ಲ, ಅದಕ್ಕೆ. ಹಾಗಾದರೆ ಇಷ್ಟು ವರ್ಷದಲ್ಲಿ ಇನ್ನೆಷ್ಟು ಮಾತು ಗಂಡನ ಗಂಟಲಲ್ಲೇ ಉಳಿದವೋ ಎಂದು ಯೋಚಿಸಿದಾಗ ಅವಳ ಕಿವಿ ಬಿಸಿಯಾಯಿತು.

ಸಂಗಣ್ಣ ರಾಟೆಯ ಕೊಕ್ಕೆಯನ್ನು ಬಾನೆಟ್ಟಿನ ಮೇಲೆ ತಂದು ನಿಲ್ಲಿಸಿದ್ದ. ಶಿವದೇವಿ ಹೋಗಿ ಗಾಡಿಗೂ ಅವನಿಗೂ ನಡುವೆ ನಿಂತಳು. ಸೆರಗು ತಲೆಯ ಮೇಲೇ ಇತ್ತು. ಕಣ್ಣು ಮಾತ್ರ ಅವನ ಮುಖದ ಮೇಲಿತ್ತು.

"ಭಾವಾರ, ಎಂಜಿನ್ ಇಳಿಸಬ್ಯಾಡ್ರಿ."

ಸಂಗಣ್ಣ ಸುತ್ತ ನೋಡಿದ, ಯಾರು ಮಾತಾಡಿದ್ದು ಎಂಬಂತೆ. ಅಭ್ಯಾಸಬಲದಿಂದ ತಮ್ಮನ ಕಡೆಗೆ ತಿರುಗಿ, "ಏನಂತ?" ಎಂದು ಕೇಳಿದ.

"ಅವರನ್ನ ಕೇಳಬ್ಯಾಡ್ರಿ. ನಾ ಹೇಳಾಕತ್ತೀನಿ" ಎಂದಳು ಶಿವದೇವಿ. "ಎಂಜಿನ್ ಚಲೋ ಐತಿ. ಹಳೇ ಟರ್ಬೋನೂ ಚಲೋ ಇತ್ತು. ಟರ್ಬೋದಿಂದ ಎಂಜಿನ್ನಿಗೆ ಹೋಗೂ ರಬ್ಬರ್ ಪೈಪ್ ಎಲ್ಲೋ ಹರದೈತಿ. ಎಂಜಿನ್ನಿಗೆ ಬರೂ ಗಾಳಿ ಅಳದು ಅಷ್ಟಕ್ಕ ಡೀಸೆಲ್ ಬಿಡ್ತಾವು ಈ ಗಾಡಿ. ಅಳತಿಗೆ ಸಿಕ್ಕ ಗಾಳಿ ನಡುವ ಸೋರಿ ಹೋದ್ರ ಡೀಸೆಲ್ ಹೆಚ್ಚಾಗ್ತೈತಿ, ಕರಿ ಹೊಗಿ ಬರ್ತೈತಿ. ಕಟಕಟ ಅನ್ನೂದು ಹಳೇ ಎಣ್ಣಿ ಸದ್ದು. ಎಣ್ಣಿ ಬದಲಿ ಮಾಡಿದ್ರ ಹೋಗ್ತೈತಿ."

ಸಂಗಣ್ಣನ ಮುಖ ಕಪ್ಪಿಟ್ಟಿತು.

"ಪೈಪ್ ನಾನ ನೋಡೀನಿ. ಒತ್ತಿ ನೋಡೀನಿ. ಏನೂ ಆಗಿಲ್ಲ." ಈ ಮಾತನ್ನು ಅವನು ತಮ್ಮನಿಗೆ ಹೇಳಲಿಲ್ಲ, ಆಕೆಗೂ ಹೇಳಲಿಲ್ಲ. ಕೊಕ್ಕೆಗೆ ಹೇಳಿದ.

"ಮ್ಯಾಲಿನ ಮಗ್ಗಲ ಒತ್ತಿ ನೋಡೀರಿ. ಕೆಳಗಿನ ಮಗ್ಗಲಿಗೆ ನಿಮ್ಮ ಕೈ ಹೋಗೂದಿಲ್ರಿ."

ಆ ಕೈ ಅಲ್ಲಿಗೆ ಹೋಗುವುದಿಲ್ಲ ಎಂಬುದು ಗ್ಯಾರೇಜಿಗೆಲ್ಲ ಗೊತ್ತಿದ್ದ ಸತ್ಯ. ಸಂಗಣ್ಣ ಕೊಕ್ಕೆ ಬಿಟ್ಟು, "ಊಟ ಮಾಡಿ ಬರ್ತೀನಿ. ಬರೂದರಾಗ ತೋರಸ್ರಿ. ಇಲ್ಲಾಂದ್ರ ಇಳಿಸ್ತೀನಿ" ಎಂದು ಹೊರಟೇಹೋದ. 'ತೋರಸ್ರಿ' ಎಂದದ್ದು ಯಾರಿಗೆ ಎಂಬುದನ್ನು ಅವನು ಹೇಳಲಿಲ್ಲ.

ಶಿವದೇವಿಗೆ ಒಂದು ತಾಸು ಸಿಕ್ಕಿತು. ಪೈಪಿನೊಳಗೆ ಗಾಳಿ ತುಂಬಿ ಸೋರುವ ಜಾಗ ಹಿಡಿಯಬೇಕು. ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರಿನಲ್ಲಿ ಅದಕ್ಕೊಂದು ಯಂತ್ರವೇ ಇರುತ್ತದಂತೆ. ಇಲ್ಲಿ ಇದ್ದದ್ದು ಟಯರಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಮಾತ್ರ. ಪೈಪನ್ನು ಗಾಡಿಯಲ್ಲೇ ಬಿಟ್ಟು, ಎರಡೂ ತುದಿ ಕಳಚಿ, ಒಂದು ಬಾಯಿಗೆ ಮರದ ಬಿರಡೆ ಜಡಿದಳು. ಇನ್ನೊಂದು ಬಾಯಿಗೆ ಗಾಳಿ ಒಳಗೆ ಬಿಡುವಂಥ ಮುಚ್ಚಳ ಬೇಕಿತ್ತು. ಆಚೆ ಈಚೆ ನೋಡಿದಳು. ಸಂಗಣ್ಣ ನೀರು ಕುಡಿಯುವ ಸ್ಟೀಲ್ ಲೋಟ ನೀರಿನ ಕೊಡದ ಮೇಲೆ ಬೋರಲಾಗಿತ್ತು. ಅಳತೆ ಹಿಡಿದು ನೋಡಿದಳು, ಮಾಡಿಸಿಟ್ಟಂತೆ ಕೂತಿತು.

"ಅದು ಅಣ್ಣನ ಲೋಟ" ಎಂದ ಹುಲಗೇಶ ಗಾಬರಿಯಿಂದ.

"ಗೊತ್ತೈತಿ. ಡ್ರಿಲ್ ತರ್ರಿ."

ಲೋಟದ ತಳಕ್ಕೆ ತೂತು ಕೊರೆದು, ಹಳೆಯ ಟ್ಯೂಬಿನ ವಾಲ್ವನ್ನು ಕತ್ತರಿಸಿ ಅದರಲ್ಲಿ ಕೂರಿಸಿದರು. ಲೋಟದ ಬಾಯನ್ನು ಪೈಪಿಗೆ ತುರುಕಿ ಗಾಳಿ ಬಿಟ್ಟರು. ಮೀಟರಿನ ಮುಳ್ಳು ಏರಿತು, ಹತ್ತು ಪೌಂಡ್ ಮುಟ್ಟಿತು. ಅಷ್ಟರಲ್ಲಿ ಢಮ್ ಎಂದು ಲೋಟ ಹಾರಿ ತಗಡಿಗೆ ಬಡಿಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಓಡಿಬಂದು ನೋಡಿ ಹೊಟ್ಟೆ ಹಿಡಿದು ನಕ್ಕ. ಶಿವದೇವಿ ಲೋಟ ಆರಿಸಿಕೊಂಡು ಬಂದಳು. ಒಂದು ಮಗ್ಗಲು ನೆಗ್ಗಿತ್ತು. ಸುತ್ತಿಗೆಯಿಂದ ತಟ್ಟಿ ಸರಿ ಮಾಡಿ, ಈ ಸಲ ಎರಡು ಕ್ಲಾಂಪ್ ಬಿಗಿದಳು.

ಲೋಟ ನಿಂತಿತು. ಮುಳ್ಳು ಹದಿನೈದಕ್ಕೆ ಏರಿತು. ಕಂಪ್ರೆಸರ್ ನಿಲ್ಲಿಸಿ ನೋಡಿದರೆ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಹದಿಮೂರು, ಹನ್ನೊಂದು, ಒಂಬತ್ತು.

"ಎಲ್ಲೋ ಹೊಂಟೈತಿ" ಎಂದಳು ಶಿವದೇವಿ. ಸೋಪಿನ ನೀರನ್ನು ಪೈಪಿನ ಉದ್ದಕ್ಕೂ ಸುರಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ಬಿರಡೆಯ ಕಡೆ ಇಲ್ಲ, ಲೋಟದ ಕಡೆ ಇಲ್ಲ. ಕೃಪಾ ಬೆಂಚಿನಿಂದ ಎದ್ದು ಬಂದು ಇಣುಕಿ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಸಂಗಣ್ಣ ಊಟ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದ. ಯಾರೂ ಅವನನ್ನು ನೋಡಲಿಲ್ಲ.

ಶಿವದೇವಿ ಬಳೆ ಮೇಲೇರಿಸಿದಳು. ಎಂಜಿನ್ನಿಗೂ ಫ್ಯಾನಿಗೂ ನಡುವಿನ ಸಂದಿಯಲ್ಲಿ ಕೈ ಇಳಿಸಿ, ಪೈಪಿನ ಹೊಟ್ಟೆಯ ಕೆಳಗೆ ಬೆರಳು ಆಡಿಸುತ್ತ ಹೋದಳು. ಮಡಚಿದ ಜಾಗದಲ್ಲಿ, ಕ್ಲಾಂಪಿನ ಅಂಚಿಗೆ, ಬೆರಳ ತುದಿಗೆ ತಣ್ಣನೆಯ ಉಸಿರು ತಾಗಿತು.

"ಗಾಳಿ ಬಿಡ್ರಿ ಇನ್ನಷ್ಟು" ಎಂದಳು. ಹುಲಗೇಶ ಬಿಟ್ಟ. ಉಸಿರು ಜೋರಾಯಿತು. ಆಕೆ ಇನ್ನೊಂದು ಕೈಯಿಂದ ಸೋಪಿನ ನೀರಿನ ಚಿಂದಿಯನ್ನು ಕೆಳಗೆ ಹಾಯಿಸಿ ಅಲ್ಲಿಗೆ ಒತ್ತಿ ಹಿಂಡಿದಳು. ಹುಲಗೇಶ ಗಾಡಿಯ ಕೆಳಗೆ ತೂರಿ ಮೊಬೈಲಿನ ಬೆಳಕು ಬಿಟ್ಟ. ಒಂದು ಕ್ಷಣದ ಮೇಲೆ ಗಾಡಿಯ ಕೆಳಗಿನಿಂದ ಅವನು ಕೂಗಿಕೊಂಡ.

"ಗುಳ್ಳಿ! ಗುಳ್ಳಿ ಏಳಾಕತ್ತಾವ! ಏ ದೇವಿ, ನಾಕ ಬಟ್ಟಿನಷ್ಟು ಹರದೈತಿ!"

ಒತ್ತಡವಿಲ್ಲದಾಗ ಮಡಿಕೆಯೊಳಗೆ ಮುಚ್ಚಿಕೊಂಡು ಇದ್ದೂ ಇಲ್ಲದಂತಿದ್ದ ಸೀಳು, ಗಾಳಿ ತುಂಬಿದಾಗ ಬಾಯಿ ಬಿಡುತ್ತಿತ್ತು. ಕೃಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಶಿವದೇವಿಗೂ ಅಳು ಬರುವಂತಾಯಿತು, ಆದರೆ ಸಂತೋಷಕ್ಕೆ ನಗುವೇ ಮೊದಲು ಬಂತು. ತಿರುಗಿದಾಗ ಬಾಗಿಲಲ್ಲಿ ಭಾವ ನಿಂತಿರುವುದು ಕಂಡಿತು.

ಸಂಗಣ್ಣ ಒಳಗೆ ಬಂದ. ಮಂಡಿಯೂರಿ, ಕಷ್ಟಪಟ್ಟು ಬಗ್ಗಿ, ತಮ್ಮನ ಪಕ್ಕದಲ್ಲಿ ತಲೆ ಹಾಕಿ ನೋಡಿದ. ತುಂಬ ಹೊತ್ತು ನೋಡಿದ. ಎದ್ದು ಮಂಡಿ ಒರೆಸಿಕೊಂಡು, ಕೊಡದ ಹತ್ತಿರ ಹೋಗಿ ಕೈಚಾಚಿದ. ಲೋಟ ಅಲ್ಲಿರಲಿಲ್ಲ. ಅದು ಎಲ್ಲಿದೆ ಎಂಬುದು ಅವನ ಕಣ್ಣಿಗೆ ಬಿತ್ತು. ಬೊಗಸೆಯಲ್ಲಿ ನೀರು ಕುಡಿದು ರಾಟೆಯನ್ನು ಹಿಂದಕ್ಕೆ ತಳ್ಳಿಕೊಂಡು ಹೋದ.

ಹುಲಗೇಶ ಬೈಕು ಹತ್ತಿ ಬಿಡಿಭಾಗದ ಪೇಟೆಯಾದ ರಾಣಿಗಂಜಿಗೆ ಹೋಗಿ ಹೊಸ ಪೈಪು ತಂದ. ಭಾನುವಾರ ಪೂರ್ತಿ ಗಂಡ ಹೆಂಡತಿ ಗಾಡಿಗೆ ಕೂತರು. ಪೈಪು ಹಾಕಿ, ಎಣ್ಣೆ ಬದಲಿಸಿ, ಮಸಿ ಕಟ್ಟಿದ್ದ ಇಜಿಆರ್ ವಾಲ್ವನ್ನು ಬಿಚ್ಚಿ ತೊಳೆದರು. ಹುಲಗೇಶ ಎರಡು ಸಲ ಮಾತು ತೆಗೆದು ನಿಲ್ಲಿಸಿದ. ಮೂರನೆಯ ಸಲ, "ತಪ್ಪಾತು" ಎಂದ. ಶಿವದೇವಿ, "ಹದಿಮೂರನೇ ನಂಬರ್ ಪಾನೆ ಕೊಡ್ರಿ" ಎಂದಳು. ಕೊಡುವಾಗ ಇಬ್ಬರೂ ನಕ್ಕರು.

ಸೋಮವಾರ ಪರೀಕ್ಷೆಗೆ ಗಾಡಿ ತುಂಬಬೇಕಲ್ಲ. ಕೃಪಾ ಸ್ಟೇರಿಂಗ್ ಹಿಡಿದಳು, ಪಕ್ಕದಲ್ಲಿ ಪರೀಕ್ಷೆಯ ಅಧಿಕಾರಿ ಹಾಳೆ ಹಿಡಿದು ಕೂತ. ಹಿಂದಿನ ಸೀಟಿಗೆ ಮೂವರ ತೂಕ ಬೇಕಿತ್ತು. ಶಿವದೇವಿ, ಹುಲಗೇಶ ಕೂತರು. ಇನ್ನೊಂದು ಬಾಗಿಲು ತೆರೆದು, ಕರೆಯದಿದ್ದರೂ, ಸಂಗಣ್ಣ ಬಂದು ಕೂತ. ನಡುವೆ ಹುಲಗೇಶ ಎರಡೂ ಕಡೆಯಿಂದ ಒತ್ತಿಸಿಕೊಂಡು ಕೂತಿದ್ದ.

"ಎಸಿ ಪೆಟ್ಟಂಡಿ" ಎಂದ ಅಧಿಕಾರಿ ತೆಲುಗಿನಲ್ಲಿ. ಕೃಪಾ ಎಸಿ ಹಾಕಿದಳು.

"ತಂಗಿ, ಹೆದರಿ ಹೆದರಿ ಒತ್ತಬ್ಯಾಡ" ಎಂದಳು ಶಿವದೇವಿ ಹಿಂದಿನಿಂದ. "ಮೂರನೇ ಗೇರಿನಾಗ ಇರು. ಎರಡು ಸಾವಿರ ದಾಟಲಿ, ಆಮ್ಯಾಲ ಬಿಡು ಅದನ್ನ."

ಮೇಲ್ಸೇತುವೆಯ ಬುಡ ಬಂತು. ಕೃಪಾ ಒತ್ತಿದಳು. ಹದಿನೆಂಟು ನೂರರವರೆಗೆ ಗಾಡಿ ಯಾವಾಗಿನಂತೆ ತೂಕಡಿಸಿತು. ಮುಳ್ಳು ಎರಡು ಸಾವಿರ ದಾಟಿದ್ದೇ ತಡ, ಐದೂ ಜನರ ಬೆನ್ನು ಸೀಟಿಗೆ ಒತ್ತಿತು. ಗಾಡಿ ಏರನ್ನು ಏರೆಂದೇ ಲೆಕ್ಕಿಸಲಿಲ್ಲ. ಐವತ್ತು, ಅರವತ್ತು, ಎಪ್ಪತ್ತು. ಮುಂದಿದ್ದ ಒಂದು ಹೊಸ ದೊಡ್ಡ ಗಾಡಿಯನ್ನು ದಾಟಿ ಹೋಯಿತು. ಅಧಿಕಾರಿ ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದ. ಹೊಗೆಯ ಸುಳಿವಿರಲಿಲ್ಲ. ಕೃಪಾ "ಅಕ್ಕಾ! ಅಕ್ಕಾ!" ಎಂದು ಕೂಗುತ್ತಿದ್ದಳು, ರಸ್ತೆ ನೋಡೇ ಎಂದು ಶಿವದೇವಿ ಗದರಿದಳು. ಗದರುವಾಗ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಜಗತ್ತಿನಲ್ಲಿ ಗಾಳಿಯಷ್ಟು ಒಳ್ಳೆಯ ವಸ್ತು ಬೇರೆ ಇಲ್ಲ ಅನ್ನಿಸಿತು ಅವಳಿಗೆ.

ಸೇತುವೆ ಇಳಿದು ಗಾಡಿ ನಿಂತಾಗ ಅಧಿಕಾರಿ ಹಾಳೆಯ ಮೇಲೆ ಸಹಿ ಹಾಕಿ, "ಮೆಕ್ಯಾನಿಕ್ ಎವರು?" ಎಂದು ಕೇಳಿದ.

ಹುಲಗೇಶ ಬಾಯಿ ತೆರೆಯುವ ಮೊದಲೇ ಸಂಗಣ್ಣ ಕೈಯೆತ್ತಿ, ತಮ್ಮನ ಮೂಗಿನ ಮುಂದಿನಿಂದ ಹಾಯಿಸಿ, ಆ ಕಡೆಯ ಕಿಟಕಿಗೆ ಒತ್ತಿಕೊಂಡು ಕೂತವಳನ್ನು ತೋರಿಸಿದ. "ಈಯಮ್ಮ. ಶಿವದೇವಿ" ಎಂದ. ಅಧಿಕಾರಿ ಹಿಂದೆ ತಿರುಗಿ ನಮಸ್ಕಾರ ಮಾಡಿ ಇಳಿದುಹೋದ.

ವಾಪಸು ಬರುವಾಗ ಸಂಗಣ್ಣ ಕಿಟಕಿಯಿಂದ ಹೊರಗೆ ನೋಡುತ್ತಲೇ ಮಾತಾಡಿದ.

"ನಂಗ ಗೊತ್ತಿತ್ತು. ಹುಲಗ್ಯಾನ ತಲ್ಯಾಗ ಇಷ್ಟು ಎಲ್ಲಿಂದ ಬರ್ಬೇಕು? ಸಣ್ಣಾಂವ ಇದ್ದಾಗ ಸೈಕಲ್ ಚೈನ್ ಹಾಕಾಕ ಬರ್ತಿರಲಿಲ್ಲ ಇವಗ. ಮಾತು ನಿಂದಂತ ಗೊತ್ತಿತ್ತು. ಕೇಳಿದ್ರ ಒಪ್ಪಿಕೊಬೇಕಾಗ್ತೈತೆಲ್ಲ, ಅದಕ್ಕ ಕೇಳಲಿಲ್ಲ." ಸ್ವಲ್ಪ ತಡೆದು, "ತಪ್ಪು ನಂದು" ಎಂದ.

ಶಿವದೇವಿ ಈ ಮಾತಿಗೆ ಏನು ಹೇಳಬೇಕೆಂದು ಯೋಚಿಸಿದಳು. ಇರಲಿ ಬಿಡ್ರಿ ಎನ್ನಬಹುದಿತ್ತು. ದೊಡ್ಡವರು ಹಾಗನ್ನಬಾರದು ಎನ್ನಬಹುದಿತ್ತು. ಅವಳ ಬಾಯಿಂದ ಹೊರಟದ್ದು ಬೇರೆಯೇ.

"ಹಿಮಾಯತ್‌ನಗರದ ಡಾಕ್ಟರಮ್ಮನ ಗಾಡಿ ನೆನಪೈತೇನ್ರಿ ಭಾವಾರ? ಬಿಳೇದು?"

"ಐತಿ. ಚೈನ್ ಬದಲಿ ಮಾಡಿದ್ವಿ."

"ಚೈನು ಚಲೋನ ಇತ್ರಿ. ಟೆನ್ಷನರ್ ಒಂದ ಸಾಕಿತ್ತು."

ಸಂಗಣ್ಣ ಕಿಟಕಿಯಿಂದ ಈ ಕಡೆ ತಿರುಗಿದ. "ಹೌದಾ?"

"ಮಿಯಾಪುರದ ಕೆಂಪು ಗಾಡಿಗೆ ನಾಕೂ ಇಂಜೆಕ್ಟರ್ ಬಿಚ್ಚಿಸಿದ್ರಿ. ಇಜಿಆರ್ ತೊಳದಿದ್ರ ಹೋಗ್ತಿತ್ತು. ರಾಮಕೃಷ್ಣ ಸಾರ್ ಗಾಡಿ ಮಾತ್ರ ನೀವಂದಿದ್ದ ಖರೆ ಆತು, ನಾ ಪಂಪ್ ಅಂದಿದ್ದು ತಪ್ಪು. ಆದ್ರ ಆ ಪೊಲೀಸರ ಗಾಡಿ ಐತೆಲ್ಲ..."

ಹುಲಗೇಶ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿದ್ದ. ಹೆಂಡತಿ ಹೇಳಿದ್ದನ್ನು ಅಣ್ಣನಿಗೆ ಹೇಳಲು ಬಾಯಿ ತೆರೆಯುವನು, ಅಷ್ಟರಲ್ಲಿ ಅಣ್ಣ ಉತ್ತರ ಕೊಟ್ಟಾಗಿರುತ್ತಿತ್ತು. ಸಂಗಣ್ಣ ಅವನ ಭುಜದ ಮೇಲಿಂದ ಕತ್ತು ಚಾಚಿ ಚಾಚಿ ನೋಡಿದ. ಕೊನೆಗೆ ಅವನಿಗೆ ತಾಳ್ಮೆ ತಪ್ಪಿತು.

"ಕೃಪಾ, ಗಾಡಿ ಬಾಜೂಕ ನಿಲ್ಲಸವಾ" ಎಂದ. ಗಾಡಿ ನಿಂತಿತು. "ಹುಲಗ್ಯಾ, ಏಳು. ಮುಂದ ಹೋಗಿ ಕುಂದ್ರು. ನಡುವ ಕುಂತು ಅಡ್ಡ ಆಗಾಕತ್ತೀಯಪ್ಪಾ."

ಹುಲಗೇಶ ಇಳಿದು ಮುಂದಿನ ಸೀಟಿಗೆ ಹೋಗಿ ಕೂತ, ಕಾಲು ಚಾಚಿದ. ಸಂಗಣ್ಣ ತಮ್ಮನ ಹೆಂಡತಿಯ ಕಡೆಗೆ ತ್ರಾಸಪಟ್ಟು ತಿರುಗಿ ಕೂತುಕೊಂಡ.

"ಹಾಂ, ಪೊಲೀಸರ ಗಾಡಿಗೇನಾಗಿತ್ತು? ಹೇಳು" ಎಂದ.

ಶಿವದೇವಿ ಹೇಳತೊಡಗಿದಳು.